ಉಪ್ಪು ತಲುಪದ ಜಾಗ

ಕಾರವಾರದಲ್ಲಿ ಯಾವ ಯಂತ್ರ ಕೆಟ್ಟರೂ ಮೊದಲ ಅನುಮಾನ ಉಪ್ಪುಗಾಳಿಯ ಮೇಲೆ. ಅನುಮಾನ ಬಹಳ ಸಲ ನಿಜವೂ ಆಗುತ್ತದೆ. ಸಮುದ್ರದ ಗಾಳಿ ಕಿಟಕಿಯ ಸರಳು, ಫ್ಯಾನಿನ ರೆಕ್ಕೆ, ಟಿವಿಯ ಹಿಂದಿನ ಪಿನ್ನು, ಟೆಲಿಫೋನಿನ ತಂತಿ ಎಲ್ಲವನ್ನೂ ನಿಧಾನವಾಗಿ ತಿನ್ನುತ್ತದೆ. ತಾಮ್ರವಿದ್ದಲ್ಲಿ ಹಸಿರು ಕಿಲುಬು, ಕಬ್ಬಿಣವಿದ್ದಲ್ಲಿ ಪದರು ಪದರಾಗಿ ಏಳುವ ತುಕ್ಕು. ಬೋಟಿನವರು ಬ್ಯಾಟರಿಯ ತುದಿಗೆ ಗ್ರೀಸ್ ಮೆತ್ತಿ ಮೇಲೆ ಸೈಕಲ್ ಟ್ಯೂಬಿನ ರಬ್ಬರು ಸುತ್ತುತ್ತಾರೆ. ಮಿಕ್ಸರ್ ತಿರುಗದಿದ್ದರೆ ಮನೆಯ ಹೆಂಗಸರು ಸೆರಗಿನಿಂದ ಪ್ಲಗ್ಗಿನ ಪಿನ್ನು ಉಜ್ಜಿ ಮತ್ತೆ ಚುಚ್ಚುತ್ತಾರೆ. ಯಾರೂ ಕಲಿಸದೆ ಎಲ್ಲರಿಗೂ ಬರುವ ರಿಪೇರಿ ಅದು.

ನಾನು ಕೆಲಸಕ್ಕೆ ಸೇರಿದ ಕಂಪ್ಯೂಟರ್ ಅಂಗಡಿಯ ಮಾಲಕರು ಈ ರಿಪೇರಿಯಲ್ಲೇ ಹೆಸರು ಮಾಡಿದವರು. ಮೊದಲು ರೇಡಿಯೋ, ಆಮೇಲೆ ಟಿವಿ, ಆಮೇಲೆ ಬೋಟುಗಳ ವಯರ್‌ಲೆಸ್ ಸೆಟ್ಟು, ಕೊನೆಗೆ ಕಂಪ್ಯೂಟರು. ಯಾವ ಪೆಟ್ಟಿಗೆ ಎದುರಿಗೆ ಬಂದರೂ ಮೊದಲು ಅದರ ಮುಚ್ಚಳ ಬಿಚ್ಚಿ, ಹಳೆಯ ಟೂತ್‌ಬ್ರಶ್ಶನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒಳಗಿನ ಸಂದುಗಳನ್ನು ತಿಕ್ಕುತ್ತಿದ್ದರು. ಎಷ್ಟೋ ಸಲ ಅಷ್ಟಕ್ಕೇ ಪೆಟ್ಟಿಗೆ ಸರಿಯಾಗಿ ಗಿರಾಕಿ ನಗುತ್ತ ಹೋಗುವುದನ್ನು ನಾನೇ ನೋಡಿದ್ದೇನೆ. ಆ ಕೆಲಸವನ್ನು ಅವರಿಂದಲೇ ಕಲಿತೆ. ಧಾರವಾಡದಲ್ಲಿ ಕಂಪ್ಯೂಟರ್ ಓದಿದ ನನಗೆ ಅಲ್ಲಿ ಯಾರೂ ಉಪ್ಪಿನ ಬಗ್ಗೆ ಹೇಳಿಕೊಟ್ಟಿರಲಿಲ್ಲ.

ಓದು ಮುಗಿಸಿ ಊರಿಗೇ ಯಾಕೆ ಬಂದೆ ಎಂದು ಕೇಳಿದವರಿಗೆ, ಇಲ್ಲಿ ಕೆಲಸವಿತ್ತು, ಬಂದೆ ಎನ್ನುತ್ತಿದ್ದೆ. ಬರೆಯುವಾಗಲೂ ಅದಕ್ಕಿಂತ ಹೆಚ್ಚು ಹೇಳುವ ಇರಾದೆ ಇಲ್ಲ.

ನಮ್ಮ ಅಂಗಡಿಯ ದೊಡ್ಡ ಗಿರಾಕಿ ಮೀನುಗಾರರ ಒಂದು ಸಹಕಾರಿ ಸಂಘ. ಬೋಟುಗಳಿಗೆ ಕರ ರಿಯಾಯಿತಿಯ ಡೀಸೆಲ್ ಕೊಡುವುದು ಅದರ ಮುಖ್ಯ ಕೆಲಸ. ತಾಂಡೇಲ, ಅಂದರೆ ಬೋಟು ನಡೆಸುವವನು, ಕೌಂಟರಿಗೆ ಬಂದು ಬೋಟಿನ ನಂಬರು ಹೇಳುತ್ತಾನೆ. ಕಂಪ್ಯೂಟರು ಆ ಬೋಟಿನ ಹಿಂದಿನ ಖಾತೆಯನ್ನೆಲ್ಲ ತೆಗೆದು, ಇನ್ನೆಷ್ಟು ಡೀಸೆಲ್ ಕೊಡಬಹುದೆಂದು ನೋಡಿ ಚೀಟಿ ಮುದ್ರಿಸುತ್ತದೆ. ಚೀಟಿ ಇಲ್ಲದೆ ಪಂಪಿನವನು ಪೈಪು ಮುಟ್ಟುವುದಿಲ್ಲ. ಕಾರವಾರದ ಬಂದರಿನ ಹತ್ತಿರ ಒಂದು ಕೌಂಟರು, ಅಂಕೋಲೆಯಲ್ಲಿ ಇನ್ನೊಂದು. ಎರಡಕ್ಕೂ ಸರ್ವರ್ ಒಂದೇ. ಅದು ಕಾರವಾರದಲ್ಲಿ, ಸಂಘದ ಕಚೇರಿಯ ಹಿಂದಿನ ಕೋಣೆಯಲ್ಲಿತ್ತು.

ಆ ಸರ್ವರ್ ನನ್ನ ಸುಪರ್ದಿಯಲ್ಲಿತ್ತು. ಕಣ್ಣಿಗೆ ಕಾಣುವುದು ಒಂದು ಕಬ್ಬಿಣದ ಪೆಟ್ಟಿಗೆ. ಆದರೆ ಅದರೊಳಗೆ ತಂತ್ರಾಂಶವೇ ಕಟ್ಟಿಕೊಟ್ಟ ಎರಡು ಯಂತ್ರಗಳು ಇದ್ದವು. ನಮ್ಮ ವಿದ್ಯೆಯಲ್ಲಿ ಅವಕ್ಕೆ ವರ್ಚುವಲ್ ಮೆಷಿನ್ ಎನ್ನುತ್ತಾರೆ. ಎರಡಕ್ಕೂ ತಮ್ಮದೇ ಹೆಸರು, ತಮ್ಮದೇ ವಿಳಾಸ. ಒಂದು ಡೇಟಾಬೇಸನ್ನು, ಅಂದರೆ ಎಲ್ಲ ಬೋಟುಗಳ ಖಾತೆಯನ್ನು ಇಟ್ಟುಕೊಂಡಿರುತ್ತಿತ್ತು. ಇನ್ನೊಂದು ಕೌಂಟರಿನವರ ಪ್ರಶ್ನೆ ತೆಗೆದುಕೊಂಡು, ಮೊದಲನೆಯದನ್ನು ಕೇಳಿ, ಉತ್ತರ ಕೊಡುತ್ತಿತ್ತು. ಎರಡು ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಇದ್ದಂತೆಯೇ ಅವು ತಮ್ಮೊಳಗೆ ನೆಟ್‌ವರ್ಕಿನ ಭಾಷೆಯಲ್ಲಿ ಮಾತಾಡುತ್ತಿದ್ದವು. ಈ ಏರ್ಪಾಟು ನನ್ನದೇ. ಮಾಲಕರು ಎರಡು ಸರ್ವರ್ ಕೊಳ್ಳುವ ಬದಲು ಒಂದರಲ್ಲಿ ಆಗುತ್ತದಲ್ಲ ಎಂದು ಒಪ್ಪಿದ್ದರು. ಒಳಗೆ ಏನು ನಡೆಯುತ್ತದೆ ಎಂದು ಕೇಳಿರಲಿಲ್ಲ.

ಆ ಮಳೆಗಾಲ ಕರೆಂಟು ಹೋಗಿ ಬಂದಾಗಲೆಲ್ಲ ಎರಡರಲ್ಲಿ ಒಂದು ಮೆಷಿನ್ ಏಳುತ್ತಿರಲಿಲ್ಲ. ಅದು ಆ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಎಲ್ಲರಿಗೂ ಗೊತ್ತಿದ್ದ ದೋಷ, ಹೊಸದರಲ್ಲಿ ಸರಿಯಾಗಿದೆ ಎಂದು ಓದಿ ತಿಳಿದೆ. ಅಪ್‌ಗ್ರೇಡ್ ಮಾಡೋಣ ಎಂದೆ.

“ನಡೀತಾ ಇರೂದನ್ನ ಎಂತಕೆ ಮುಟ್ಟೂದು ತಂಗಿ?” ಎಂದರು ಮಾಲಕರು.

“ನಡೀತಾ ಇಲ್ಲ ಸರ್. ಪ್ರತಿ ಸಲ ನಾನು ಓಡಿಹೋಗಿ ಎಬ್ಬಿಸ್ತಾ ಇದ್ದೇನೆ.”

ಅವರು ಬಹಳ ದಿನ ಎಳೆದು ಕೊನೆಗೆ ಒಪ್ಪಿದರು. ಮೀನುಗಾರಿಕೆಯ ನಿಷೇಧ ಮುಗಿದು ಬೋಟುಗಳು ನೀರಿಗಿಳಿದ ಮೇಲೆ, ಸಂಘಕ್ಕೆ ರಜೆಯಿದ್ದ ಒಂದು ಭಾನುವಾರ ಅಪ್‌ಗ್ರೇಡ್ ಮಾಡಿದೆ. ಮುಗಿಸಿ, ಬೋಟಿನ ನಂಬರು ಹಾಕಿ ಚೀಟಿ ತೆಗೆದು ನೋಡಿದೆ. ಬಂತು. ಅಂಕೋಲೆಯ ಕೌಂಟರಿನಿಂದಲೂ ಬಂತು. ಬೇಕೆಂದೇ ಕರೆಂಟು ತೆಗೆದು ಹಾಕಿದೆ. ಎರಡೂ ಮೆಷಿನ್ ತಾವಾಗಿಯೇ ಎದ್ದು ನಿಂತವು.

ಸೋಮವಾರ ಬೆಳಿಗ್ಗೆ ಸಾಲು ಬಂದರಿನ ಗೇಟಿನವರೆಗೆ ಬೆಳೆದಿತ್ತು.

ಕೆಲವು ಬೋಟುಗಳಿಗೆ ಚೀಟಿ ತಕ್ಷಣ ಬರುತ್ತಿತ್ತು. ಇನ್ನು ಕೆಲವಕ್ಕೆ ಪರದೆ ಖಾಲಿಯಾಗಿ ನಿಂತು, ಬಹಳ ಹೊತ್ತಿನ ಮೇಲೆ, ನಿದ್ದೆಯಿಂದ ಎದ್ದವರ ಹಾಗೆ ಒಂದೊಂದೇ ಸಾಲು ತೋರಿಸುತ್ತಿತ್ತು. ಕೌಂಟರಿನ ಕಂಡಿಯಲ್ಲಿ ಮೊಣಕೈ ಊರಿ ನಿಂತಿದ್ದ ಒಬ್ಬ ಹಿರಿಯ ತಾಂಡೇಲ ನನ್ನನ್ನು ನೋಡಿದ. ನನ್ನ ತಾಯಿಗೆ, ಆಯಿಗೆ, ದೂರದ ನಂಟ; ಹುಡುಗಿಯರನ್ನೆಲ್ಲ ಬಾಯಿ ಎಂದೇ ಕರೆಯುವವನು.

“ಎಂತ ಬಾಯಿ, ನಿಮ್ಮ ಪೆಟ್ಟಿಗೆಗೆ ಜ್ವರ ಬಂದದಾ?”

“ನೋಡ್ತಾ ಇದ್ದೇನೆ ಮಾಮ.”

“ನೀ ನೋಡು. ಅಷ್ಟರಲ್ಲಿ ಬಂಗಡೆ ಗೋವಾ ದಾಟಿ ಹೋಗ್ತದೆ.”

ಹಿಂದಿನವರು ನಕ್ಕರು. ಇನ್ನೊಬ್ಬ, “ಹೋಗ್ಲಿ ಬಿಡಾ, ಅಲ್ಲೂ ಚೀಟಿ ಕೇಳ್ತ್ರು ಅದಕ್ಕೆ” ಎಂದ. ಅಷ್ಟರಲ್ಲಿ ಅವನ ಹಿಂದಿನಿಂದ ಪಕ್ಕದ ಕಂಪ್ಯೂಟರಿಗೆ ನಂಬರು ಹೇಳಿದ ಹೊಸ ಬೋಟಿನ ಒಬ್ಬನಿಗೆ ಚೀಟಿ ಸರ್ರನೆ ಬಂತು. ನಗು ನಿಂತಿತು. ತಾಂಡೇಲ ಮಾಮ ಆ ಚೀಟಿಯನ್ನೂ ನನ್ನನ್ನೂ ನೋಡಿದ.

“ಹೊಸ ಬೋಟಿನ ಸಾವ್ಕಾರ್ರಿಗೆ ಮಾತ್ರ ಓಡ್ತದೆ ನಿಮ್ಮ ಮೆಷಿನ್ನು, ಅಲ್ದಾ?”

ಹಾಗಲ್ಲ ಎಂದೆ. ಆದರೆ ಮಧ್ಯಾಹ್ನದ ಹೊತ್ತಿಗೆ ನನಗೇ ಗೊತ್ತಾಯಿತು, ಅವನು ಹೇಳಿದ್ದು ಒಂದು ಲೆಕ್ಕದಲ್ಲಿ ನಿಜ. ಹೊಸ ಬೋಟುಗಳಿಗೆ ಬೇಗ ಬರುತ್ತಿತ್ತು, ಹಳೆಯವಕ್ಕೆ ತಡ. ಹೊಸ ಬೋಟಿನ ಖಾತೆ ಚಿಕ್ಕದು, ಒಂದೆರಡು ತಿಂಗಳಿನದು. ಹಳೆಯ ಬೋಟಿನದು ವರ್ಷಗಟ್ಟಲೆಯದು. ನಾನು ಭಾನುವಾರ ಪರೀಕ್ಷಿಸಿದ್ದ ಬೋಟೂ ಹೊಸದೇ ಇತ್ತು. ಸಣ್ಣ ಉತ್ತರ ಸರಾಗವಾಗಿ ದಾಟುತ್ತಿತ್ತು, ದೊಡ್ಡ ಉತ್ತರ ಎಲ್ಲೋ ಸಿಕ್ಕಿಕೊಳ್ಳುತ್ತಿತ್ತು. ಎಲ್ಲಿ ಎಂಬುದಷ್ಟೇ ಪ್ರಶ್ನೆ.

ಅದನ್ನು ಹುಡುಕಲು ನನಗೆ ಬಿಡಲಿಲ್ಲ. ಮಾಲಕರು ಟೂತ್‌ಬ್ರಶ್ಶು, ಸ್ಪಿರಿಟ್ಟು, ಗ್ರೀಸಿನ ಡಬ್ಬಿ ಹಿಡಿದು ಬಂದರು. ಸರ್ವರಿನ ಹಿಂದಿನ ನೆಟ್‌ವರ್ಕ್ ಕೇಬಲ್ ಕಿತ್ತು ಅದರ ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಂದು ಪಿನ್ನಿನ ಮೇಲೆ ಹಸಿರು ಚುಕ್ಕೆ.

“ಕಂಡ್ತಾ? ಇಲ್ಲೇ ಅದೆ ನೋಡು ಕಳ್ಳ.”

ಕಿಲುಬು ನಿಜವಾಗಿಯೂ ಇತ್ತು. ಸಂಘದ ಕಾರ್ಯದರ್ಶಿಯೂ ಕನ್ನಡಕ ಏರಿಸಿ ನೋಡಿ ಸಮಾಧಾನಪಟ್ಟರು. ಕಾರವಾರದವರಿಗೆ ಕಿಲುಬು ಕಂಡರೆ ಕಾಯಿಲೆಯ ಹೆಸರು ಸಿಕ್ಕಿದ ಹಾಗೆ. ಕೇಬಲ್ಲುಗಳನ್ನೆಲ್ಲ ಬದಲಿಸಿದರು, ಕೇಬಲ್ಲುಗಳೆಲ್ಲ ಬಂದು ಸೇರುವ ಸ್ವಿಚ್ಚಿನ ರಂಧ್ರಗಳನ್ನು ತಿಕ್ಕಿದರು. ಮಂಗಳವಾರ ಸಾಲು ಅಷ್ಟೇ ಉದ್ದವಿತ್ತು. ಮಡಗಾಂವಿನಿಂದ ಹೊಸ ಸ್ವಿಚ್ಚು ತರಿಸಿದರು. ಬುಧವಾರವೂ ಹಾಗೆಯೇ. ಅಂಕೋಲೆಯ ಕೌಂಟರಿನಲ್ಲಿ ಕೂರುವ, ನಾನು ಅಕ್ಕ ಎಂದು ಕರೆಯುವ ಹೆಂಗಸು ಗಳಿಗೆಗೊಮ್ಮೆ ಫೋನು ಮಾಡುತ್ತಿದ್ದಳು.

“ತಂಗೀ, ಇಲ್ಲಿ ಜನ ನನ್ನ ತಲೆ ತಿಂತಿದ್ರು. ಒಬ್ಬ ಹೇಳ್ತಾ, ಅಕ್ಕಾ ನೀ ಚಾ ಕುಡ್ಕಂಡೇ ಬಾ, ಗಡಿಬಿಡಿ ಇಲ್ಲ, ನಾ ಇಲ್ಲೇ ಮುದ್ಕ ಆಗ್ತೆ ಹೇಳಿ.”

“ಹಳೇ ಬೋಟಿನವನಾ ಅಕ್ಕಾ?”

“ಹಳೇದೇ. ನಿಂಗೆ ಹೆಂಗೆ ಗೊತ್ತಾಯ್ತು?”

ನಾನು ಕಂಡದ್ದನ್ನು ಮಾಲಕರಿಗೆ ಹೇಳಿದೆ. ದೊಡ್ಡ ಖಾತೆ ಮಾತ್ರ ನಿಧಾನ, ಹಾಗಾಗಿ ಇದು ಕೇಬಲ್ಲಿನದಲ್ಲ. ಎರಡು ಮೆಷಿನ್ನುಗಳ ನಡುವೆಯೇ ಏನೋ ಆಗುತ್ತಿದೆ, ನನಗೆ ಸ್ವಲ್ಪ ಹೊತ್ತು ಸರ್ವರ್ ಬಿಟ್ಟುಕೊಡಿ ಎಂದೆ.

“ನಡುವೆ ಅಂದ್ರೆ ಎಲ್ಲಿ? ಆ ವಯರು ತೋರ್ಸು, ಬದಲಿಸ್ತೆ.”

“ವಯರೇ ಇಲ್ಲ ಸರ್ ಅಲ್ಲಿ.”

ಅವರು ನನ್ನ ಮುಖ ನೋಡಿದ ರೀತಿ ಇವತ್ತಿಗೂ ನೆನಪಿದೆ. ಸಿಟ್ಟಲ್ಲ, ಕನಿಕರ. ವಯರಿಲ್ಲದೆ ಎರಡು ಯಂತ್ರ ಮಾತಾಡುತ್ತವೆ ಎನ್ನುವ ಹುಡುಗಿಗೆ ಕೆಲಸದ ಒತ್ತಡದಿಂದ ಏನೋ ಆಗಿದೆ ಎಂದು ಅವರು ನಿಜವಾಗಿ ಭಾವಿಸಿದರು. “ನೀ ಇನ್ನು ಅದನ್ನ ಮುಟ್ಟೂದ್ ಬೇಡ” ಎಂದು ಮೆಲ್ಲಗೆ ಹೇಳಿದರು.

ಗುರುವಾರ ಕಾರ್ಯದರ್ಶಿಯ ಕೋಣೆಯಲ್ಲಿ ತೀರ್ಮಾನವಾಯಿತು. ನನ್ನನ್ನು ಕರೆದು ನಿಲ್ಲಿಸಿ ಹೇಳಿದರು. ಭಾನುವಾರ ಹಳೆಯ ಆವೃತ್ತಿಯನ್ನೇ ವಾಪಸು ಹಾಕುವುದು. ಅದಕ್ಕೆ ಹುಬ್ಬಳ್ಳಿಯಿಂದ ಒಬ್ಬರು ಬರುತ್ತಾರೆ, ಮುಂದೆ ಸರ್ವರನ್ನು ಅವರೇ ನೋಡಿಕೊಳ್ಳುತ್ತಾರೆ. ನಾನು ಅಂಕೋಲೆಯ ಕೌಂಟರಿನಲ್ಲಿ ಅಕ್ಕನ ಪಕ್ಕದಲ್ಲಿ ಕೂತು ಚೀಟಿ ಕೊಡುವುದು.

“ನಿಮ್ಗೂ ಅನುಕೂಲ ಅಲಾ ಬಾಯಿ” ಎಂದರು ಕಾರ್ಯದರ್ಶಿ. “ಮನೆ ಹತ್ರ. ದಿನಾ ಬಸ್ಸಿಗೆ ಬರೂದು ತಪ್ಪಿತು. ಸರ್ವರ್ ಗಿರ್ವರ್ ಅಂದ್ರೆ ತಲೆಬಿಸಿ ಕೆಲ್ಸ, ಗಂಡಸ್ರು ಮಾಡ್ಕಳ್ಳಿ.”

“ನನಗೆ ಅನುಕೂಲ ಬೇಕು ಅಂತ ಯಾರು ಕೇಳಿದ್ರು?”

ಮಾಲಕರು ಕೆಮ್ಮಿದರು. ಕಾರ್ಯದರ್ಶಿ ನಗುತ್ತಲೇ, “ಒಂದ್ ಮಾತು ತಪ್ಪಾಯ್ತು ಅಂದ್ರೆ ಮುಗೀತು. ಕಮಿಟಿಗೆ ನಾ ಹೇಳ್ಕಳ್ತೆ” ಎಂದರು.

ಅಪ್‌ಗ್ರೇಡ್ ಆದ ಮೇಲೆ ನಿಧಾನವಾಯಿತು ಎಂಬುದು ನಿಜ, ಅದನ್ನು ಒಪ್ಪುತ್ತೇನೆ ಎಂದೆ. ಅಪ್‌ಗ್ರೇಡ್ ಮಾಡಿದ್ದು ತಪ್ಪು ಎಂಬುದು ಸುಳ್ಳು, ಅದನ್ನು ಒಪ್ಪುವುದಿಲ್ಲ. ಹಿಂದಕ್ಕೆ ಹೋದರೆ ಸೋಮವಾರದಿಂದ ಕೊಟ್ಟ ಅಷ್ಟೂ ಚೀಟಿಗಳ ಲೆಕ್ಕವನ್ನು ಹಳೆಯ ಆವೃತ್ತಿ ಓದಲಾರದು, ಮತ್ತೆ ಕೈಯಿಂದ ತುಂಬಬೇಕು. ಮತ್ತೆ ಕರೆಂಟು ಹೋದಾಗ ಮೆಷಿನ್ ಏಳುವುದಿಲ್ಲ. ಇದನ್ನೆಲ್ಲ ನಿಧಾನವಾಗಿ, ಧ್ವನಿ ಏರಿಸದೆ ಹೇಳಿದೆ. ಧ್ವನಿ ಏರಿಸಿದ್ದರೆ ಅಳುತ್ತಿದ್ದಾಳೆ ಎಂದುಕೊಳ್ಳುತ್ತಿದ್ದರು.

ಸಂಜೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಅರ್ಗಾದ ಹತ್ತಿರ ನೌಕಾನೆಲೆಯ ಗೋಡೆ ಶುರುವಾಗಿ ಬಹಳ ದೂರ ಜೊತೆಗೇ ಬರುತ್ತದೆ. ಆ ಗೋಡೆಯ ಆಚೆ ಎಲ್ಲೋ ನನ್ನ ಆಯಿ ಮದುವೆಯಾಗಿ ಬಂದ ಮನೆ ಇತ್ತು. ನೌಕಾನೆಲೆಗಾಗಿ ಜಾಗ ಬಿಟ್ಟು ನಮ್ಮವರು ಅಂಕೋಲೆಯ ಕಡೆ ನೆಲೆಸಿದಾಗ ನಾನು ಶಾಲೆಯಲ್ಲಿದ್ದೆ. ಆ ದಾರಿಯಲ್ಲಿ ನಾನು ಸಾಮಾನ್ಯವಾಗಿ ಓದುತ್ತ ಹೋಗುತ್ತೇನೆ. ಅವತ್ತೂ ಹೊಸ ಆವೃತ್ತಿಯ ಜೊತೆ ಬಂದಿದ್ದ ವಿವರಣೆಯನ್ನು ಮುದ್ರಿಸಿಕೊಂಡು ಓದುತ್ತಿದ್ದೆ. ಏನೇನು ಬದಲಾಗಿದೆ ಎಂದು ಅದರಲ್ಲಿ ಉದ್ದಕ್ಕೆ ಬರೆದಿತ್ತು. ಮಧ್ಯದಲ್ಲಿ ಒಂದು ಸಾಲು: ವರ್ಚುವಲ್ ನೆಟ್‌ವರ್ಕ್ ಕಾರ್ಡು ಈಗ ದೊಡ್ಡ ಮಾಹಿತಿಯನ್ನು ತುಂಡು ಮಾಡುವ ಕೆಲಸವನ್ನು ತಾನೇ ವಹಿಸಿಕೊಳ್ಳುತ್ತದೆ.

ಅದನ್ನು ಎರಡು ಸಲ ಓದಿದೆ. ಮೆಷಿನ್ನು ಕೊಟ್ಟದ್ದನ್ನು ಹೊರಗೆ ಸಾಗಿಸುವ ಬಾಗಿಲು ಆ ಕಾರ್ಡು. ನೆಟ್‌ವರ್ಕಿನಲ್ಲಿ ಯಾವುದೂ ಇಡಿಯಾಗಿ ಹೋಗುವುದಿಲ್ಲ. ಗೊತ್ತುಪಡಿಸಿದ ಅಳತೆಯ ತುಂಡುಗಳಾಗಿಯೇ ಹೋಗಬೇಕು. ಅಳತೆ ಮೀರಿದ್ದನ್ನು ಎದುರಿನವನು ಬಿಸಾಡುತ್ತಾನೆ, ಕಳಿಸಿದವನು ಕಾದು ಕಾದು ಮತ್ತೆ ಕಳಿಸಬೇಕು. ಮೊದಲು ಮೆಷಿನ್ನೇ ತುಂಡು ಮಾಡಿ ಕಳಿಸುತ್ತಿತ್ತು. ಈಗ ಕಾರ್ಡು ಮಾಡುತ್ತದೆ ಎಂದು ನಂಬಿ ಇಡಿಯಾಗಿ ಕೊಡುತ್ತಿದೆ. ಆದರೆ ಆ ಕಾರ್ಡು ನಿಜದ್ದಲ್ಲ, ತಂತ್ರಾಂಶದ ಸೋಗು. ಅದು ತುಂಡು ಮಾಡುತ್ತಲೇ ಇಲ್ಲದಿದ್ದರೆ? ಸಣ್ಣ ಖಾತೆ ಒಂದೇ ತುಂಡಿನಲ್ಲಿ ಮುಗಿಯುತ್ತದೆ, ದಾಟುತ್ತದೆ. ದೊಡ್ಡದು ಸಿಕ್ಕಿಕೊಳ್ಳುತ್ತದೆ. ಹೊಸ ಬೋಟು, ಹಳೆ ಬೋಟು.

ಊಹೆ ಸರಿಯಿದೆ ಎನಿಸಿತು. ಆದರೆ ಮುಟ್ಟಬೇಡ ಎಂದಿದ್ದಾರೆ.

ಮನೆಗೆ ಹೋದರೆ ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಆಯಿ ಅಂಕೋಲೆಯ ಪೇಟೆಯಲ್ಲಿ ಮೀನು ಮಾರಿ ಬಂದು, ಅಂಗಳದಲ್ಲಿ ಬುಟ್ಟಿ ತೊಳೆದು ಬೋರಲು ಹಾಕುತ್ತಿದ್ದಳು.

“ನಿನ್ನ ತಾಂಡೇಲ ಮಾಮ ಬಂದಿದ್ದ. ನಿನ್ನ ಮಗ್ಳು ಸಾವ್ಕಾರ್ರ ಬೋಟಿಗೆ ಮಾತ್ರ ಚೀಟಿ ಕೊಡ್ತಿದ್ದು ಹೇಳಿ ಎಲ್ಲರ ಎದ್ರಿಗೆ ಹೇಳ್ದ.”

“ನಾನು ಕೊಡೂದಲ್ಲ ಆಯಿ, ಮೆಷಿನ್ ಕೊಡೂದು.”

“ಮೆಷಿನ್ನು ಯಾರದು?”

“ನಂದು.”

“ಹಂಗಾರೆ ತಪ್ಪಾಯ್ತು ಅನ್ನು. ಬಾಯಿ ಸವೀತದಾ? ಅಂಕೋಲೆಗೇ ಹಾಕ್ತ್ರಂತಲೆ, ಚಲೋ ಆಯ್ತು. ಮಧ್ಯಾಹ್ನ ಮನೇಲಿ ಉಂಡ್ಕಂಡು ಹೋಗೂಲಕ್ಕು.”

“ನಾನು ಅಂಕೋಲೆಗೆ ಹೋಗೂದಿಲ್ಲ.”

“ಸೊಕ್ಕು ನಿಂಗೆ.”

“ನಿನ್ನ ಮೀನು ಹಳೇದು ಹೇಳಿ ಯಾರಾದ್ರೂ ಅಂದ್ರೆ ನೀ ತಪ್ಪಾಯ್ತು ಅಂತ್ಯಾ?”

“ನನ್ನ ಮೀನು ಹಳೇದಲ್ಲ” ಎಂದು ಆಯಿ ಒಳಗೆ ಹೋದಳು. ಊಟಕ್ಕೆ ಬಡಿಸುವಾಗ ಮೀನಿನ ತಲೆಯ ತುಂಡನ್ನು ಎಂದಿನಂತೆ ನನ್ನ ತಟ್ಟೆಗೇ ಹಾಕಿದಳು. ಸಿಟ್ಟಿನಲ್ಲೂ ಆಯಿ ಅಭ್ಯಾಸ ಬಿಡುವವಳಲ್ಲ.

ಶುಕ್ರವಾರ ಬೋಟುಗಳು ಹೋಗಿ, ಕೌಂಟರು ಖಾಲಿಯಾಗುವವರೆಗೆ ಕಾದೆ. ಮಾಲಕರು ಸರ್ವರಿನ ಕೋಣೆಯಲ್ಲಿದ್ದರು. ಕಾರ್ಯದರ್ಶಿ ಬಾಗಿಲಲ್ಲಿ ನಿಂತು ಹುಬ್ಬಳ್ಳಿಯವರು ಯಾವ ಬಸ್ಸಿಗೆ ಬರುತ್ತಾರೆಂದು ವಿಚಾರಿಸುತ್ತಿದ್ದರು. ನಾನು ಒಳಗೆ ಹೋಗಿ ಸರ್ವರಿಗೇ ಜೋಡಿಸಿದ್ದ ಮಾನಿಟರಿನ ಎದುರು ಕೂತೆ.

“ಮುಟ್ಟೂದ್ ಬೇಡ ಹೇಳಿದ್ದೆ ನಾನು” ಎಂದರು ಮಾಲಕರು.

“ಹೇಳಿದ್ದೀರಿ ಸರ್.”

ಕೂತೇ ಇದ್ದೆ. ಪಕ್ಕದಲ್ಲೇ ಇದ್ದ ನನ್ನ ಕಂಪ್ಯೂಟರಿನಿಂದ, ಕೇಬಲ್ಲಿನ ಮೂಲಕ, ಒಂದು ದೊಡ್ಡ ಕಡತವನ್ನು ಮೊದಲನೆಯ ಮೆಷಿನ್ನಿಗೆ ಕಳಿಸಿದೆ. ನೋಡುನೋಡುತ್ತಿದ್ದಂತೆ ಹೋಯಿತು. ಎರಡನೆಯದಕ್ಕೆ ಕಳಿಸಿದೆ. ಅದೂ ಹೋಯಿತು. ಕೇಬಲ್ಲಿನಲ್ಲಿ ಉಪ್ಪಿದ್ದರೆ ಇವೂ ನಿಧಾನವಾಗಬೇಕಿತ್ತಲ್ಲ ಎಂದೆ. ಈಗ ಅದೇ ಕಡತವನ್ನು ಮೊದಲನೆಯ ಮೆಷಿನ್ನಿನಿಂದ ಎರಡನೆಯದಕ್ಕೆ ಕಳಿಸಿದೆ. ಪರದೆಯ ಮೇಲಿನ ಹಸಿರು ಪಟ್ಟಿ ತೆವಳತೊಡಗಿತು. ಇದೇ ಕಾಯಿಲೆ, ಸಾಲಿನಲ್ಲಿ ನಿಂತವರಿಗೆ ಕಂಡದ್ದು ಇದನ್ನೇ ಎಂದು ತೋರಿಸಿದೆ.

“ಅದೇ ಹೇಳ್ತಾ ಇರೂದು ನಾನು” ಎಂದರು ಮಾಲಕರು. “ಇದು ಯಾವ ವಯರಲ್ಲಿ ಹೋಗ್ತಾ ಅದೆ, ಅದನ್ನ ಉಪ್ಪು ತಿಂದ್ ಬಿಟ್ಟದೆ.”

ನಾನು ಎದ್ದು ಸರ್ವರಿನ ಹಿಂದೆ ಹೋದೆ. ನೆಟ್‌ವರ್ಕಿನ ಕೇಬಲ್ಲುಗಳನ್ನು ಒಂದೊಂದಾಗಿ ಕಿತ್ತೆ. ಎಲ್ಲವನ್ನೂ ಕಿತ್ತು ಕೈಯಲ್ಲಿ ಹಿಡಿದುಕೊಂಡು ಮುಂದೆ ಬಂದೆ. ಕಾರ್ಯದರ್ಶಿ ಬಾಗಿಲು ಬಿಟ್ಟು ಒಳಗೆ ಬಂದರು.

“ಎಂತ ಮಾಡ್ತ್ರಿ ಬಾಯಿ, ಅಂಕೋಲೆ ಲೈನು?”

“ಹೋಯ್ತು. ಈ ಪೆಟ್ಟಿಗೆಗೂ ಲೋಕಕ್ಕೂ ಈಗ ಸಂಬಂಧ ಇಲ್ಲ. ಕರೆಂಟಿನ ವಯರೊಂದು ಬಿಟ್ರೆ ಒಂದೂ ಇಲ್ಲ. ಪರದೆ ನೋಡಿ.”

ಹಸಿರು ಪಟ್ಟಿ ಮೊದಲಿನ ವೇಗದಲ್ಲೇ, ನಿಂತು, ತೆವಳಿ, ಮತ್ತೆ ನಿಂತು, ಮುಂದೆ ಹೋಗುತ್ತಿತ್ತು. ಮಾಲಕರು ಬಗ್ಗಿ ನೋಡಿದರು. ಆಮೇಲೆ ಸರ್ವರಿನ ಹಿಂದೆ ಹೋಗಿ ಖಾಲಿ ರಂಧ್ರಗಳನ್ನು ಬೆರಳಿಂದ ಮುಟ್ಟಿ ಮುಟ್ಟಿ ನೋಡಿದರು. ನನ್ನ ಕೈಯಲ್ಲಿದ್ದ ಕೇಬಲ್ಲುಗಳನ್ನು ನೋಡಿದರು. ಮತ್ತೆ ಪರದೆ.

“ಹಂಗಾರೆ ಇದು ಎಲ್ಲಿ ಓಡ್ತಾ ಅದೆ?” ಎಂದರು ಕೊನೆಗೆ.

ಇದನ್ನು ಅವರು ಮೊದಲೇ ಕೇಳಬಹುದಿತ್ತು, ಕೇಳಲಿಲ್ಲ. ಆದರೆ ಕೇಳಿದಾಗ ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದರು. ನಾನು ಪೆಟ್ಟಿಗೆಯೊಳಗೆ, ಮೆಮೊರಿಯಲ್ಲಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಂದೆ. ಅಲ್ಲಿಗೆ ಉಪ್ಪು ಹೋಗುವುದಿಲ್ಲ.

ಕಾರ್ಯದರ್ಶಿಗೆ ಇನ್ನೂ ಅರ್ಥವಾಗಿರಲಿಲ್ಲ. “ಹಂಗಾರೆ ತಡ ಯಾಕೆ?” ಎಂದರು. ಅವರಿಗೆ ತಿಳಿಯುವ ಹಾಗೆ ಹೇಳಿದೆ. ಪೇಟೆಯಲ್ಲಿ ದೊಡ್ಡ ಇಸ್ವಾಣ ಮೀನು ಕೊಂಡರೆ ಕತ್ತರಿಸಿ ಕೊಡುವವಳು ಪಕ್ಕದಲ್ಲೇ ಕೂತಿರುತ್ತಾಳೆ. ಇಲ್ಲಿ ಹೊಸದಾಗಿ ಒಬ್ಬಳು ಬಂದು, ನಾನು ಕತ್ತರಿಸುತ್ತೇನೆ ಎಂದು ಮೀನು ಇಸಿದುಕೊಂಡು, ಕತ್ತರಿಸದೆ ಇಡೀ ಮೀನನ್ನೇ ಗಿರಾಕಿಯ ಸಣ್ಣ ಚೀಲಕ್ಕೆ ತುರುಕುತ್ತಿದ್ದಾಳೆ. ಹಿಡಿಸದ್ದನ್ನು ಅವನು ವಾಪಸು ಕೊಡುತ್ತಾನೆ, ಇವಳು ಮತ್ತೆ ತುರುಕುತ್ತಾಳೆ.

“ಅವಳನ್ನ ಏಳ್ಸೂದಪಾ ಮತ್ತೆ” ಎಂದರು ಕಾರ್ಯದರ್ಶಿ.

“ಅದನ್ನೇ ಮಾಡ್ತೇನೆ.”

ಮಾಲಕರ ಕಡೆ ನೋಡಿದೆ. ಅವರು ಬೇಡ ಎನ್ನಲಿಲ್ಲ, ಮಾಡು ಎಂದೂ ಅನ್ನಲಿಲ್ಲ. ಡೇಟಾಬೇಸ್ ಇದ್ದ ಮೆಷಿನ್ನಿನಲ್ಲಿ, ತುಂಡು ಮಾಡುವುದನ್ನು ಕಾರ್ಡಿಗೆ ವಹಿಸುವ ಆ ಒಂದು ಸೌಲಭ್ಯವನ್ನು ನಿಲ್ಲಿಸಿದೆ. ಕಡತ ಕಳಿಸಿದೆ. ಪಟ್ಟಿ ಒಮ್ಮೆಗೇ ತುಂಬಿತು. ಎದುರು ದಿಕ್ಕಿನಲ್ಲಿ ಕಳಿಸಿದರೆ ಇನ್ನೂ ತೆವಳುತ್ತಿತ್ತು. ಎರಡನೆಯದರಲ್ಲೂ ನಿಲ್ಲಿಸಿದೆ. ಅದೂ ತುಂಬಿತು. ಕೇಬಲ್ಲುಗಳನ್ನು ಅವುಗಳ ಜಾಗಕ್ಕೆ ಚುಚ್ಚಿ, ತಾಂಡೇಲ ಮಾಮನ ಬೋಟಿನ ನಂಬರು ಹಾಕಿದೆ. ಇಡೀ ಬಂದರಿನಲ್ಲಿ ಅದರಷ್ಟು ಉದ್ದದ ಖಾತೆ ಇನ್ನೊಂದಿರಲಿಲ್ಲ. ಪರದೆ ಒಂದು ಕ್ಷಣವೂ ಖಾಲಿ ನಿಲ್ಲಲಿಲ್ಲ.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ಯಾರಾದರೂ ಅಂದುಕೊಂಡರೆ ಅವರಿಗೆ ಕಚೇರಿಗಳ ಪರಿಚಯ ಕಡಿಮೆ ಎಂದರ್ಥ. ಸಂಜೆ ಮಾಲಕರು ಅಂಗಡಿಯಲ್ಲಿ ನನ್ನನ್ನು ಕರೆದರು. ಕಾರ್ಯದರ್ಶಿ ಕಮಿಟಿಯವರಿಗೆ ಆಗಲೇ ಹೇಳಿಬಿಟ್ಟಿದ್ದಾರೆ, ಹುಬ್ಬಳ್ಳಿಯವರು ಹೇಗೂ ಭಾನುವಾರ ಬರುತ್ತಾರೆ ಎಂದರು. ನಿಧಾನ ಹೋಯಿತು, ಸಂತೋಷ. ಆದರೆ ಕೊಟ್ಟ ಮಾತು ಇದೆ. ಈಗ ಬದಲಿಸಿದರೆ ಕಾರ್ಯದರ್ಶಿಯ ಮರ್ಯಾದೆ ಏನಾಗಬೇಕು.

“ನೀ ಸ್ವಲ್ಪ ದಿನ ಅಂಕೋಲೆಗೆ ಹೋಗು ತಂಗಿ. ಆಮೇಲೆ ನೋಡ್ವ. ಸರ್ವರಿನ ಪಾಸ್‌ವರ್ಡ್ ನನ್ ಕೈಲಿ ಕೊಡು, ಅವ್ರು ಬಂದ ಕೂಡ್ಲೆ ಬೇಕಾಗ್ತದೆ.”

“ಕೊಡೂದಿಲ್ಲ ಸರ್.”

ಅವರಿಗೆ ಕೇಳಿಸಲಿಲ್ಲವೇನೋ ಎಂಬಂತೆ ನೋಡಿದರು. ಅಷ್ಟು ವರ್ಷ ಅವರ ಎದುರು ನಾನು ಇಲ್ಲ ಎಂದದ್ದು ನೆನಪಿಲ್ಲ.

“ನನ್ನನ್ನ ಕೆಲಸದಿಂದ ತೆಗೆಯಿರಿ. ತೆಗೆದ ದಿನ ಪಾಸ್‌ವರ್ಡ್, ಬೀಗದ ಕೈ, ಎಲ್ಲ ನಿಮ್ಮ ಮೇಜಿನ ಮೇಲಿಟ್ಟು ಹೋಗ್ತೇನೆ. ಅದು ನಿಮ್ಮದು, ನಾನು ಇಟ್ಕೊಳ್ಳೂದಿಲ್ಲ. ಆದ್ರೆ ಕೆಲಸದಲ್ಲಿ ಇರೂವರೆಗೆ ಸರ್ವರ್ ನೋಡೂದು ನಾನು. ಕೌಂಟರಿಗೆ ಹೋಗಿ ಕೂರೂದಿಲ್ಲ.”

“ಇದು ಹಟ.”

“ಹೌದು.”

“ಕಾರ್ಯದರ್ಶಿಗೆ ಎಂತ ಹೇಳ್ಲಿ ನಾನು?”

“ವಯರು ತೋರ್ಸಿ ಅನ್ನಿ.”

ಅವರ ಮುಖದಲ್ಲಿ ನಗು ಬಂದ ಹಾಗಾಯಿತು, ಬರಲಿಲ್ಲ. ಎದ್ದು ಹೊರಗೆ ಹೋದರು. ಅಂಗಡಿಯ ಕಟ್ಟೆಯ ಮೇಲೆ ನಿಂತು ಫೋನಿನಲ್ಲಿ ಬಹಳ ಹೊತ್ತು ಮಾತಾಡಿದರು. ಆಟೋಗಳ ಗದ್ದಲದಲ್ಲಿ ನನಗೆ ಏನೂ ಕೇಳಿಸಲಿಲ್ಲ. ಏನು ಹೇಳಿದರೆಂದು ನಾನು ಆಗಲೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಒಳಗೆ ಬಂದು, “ಹೊತ್ತಾಯ್ತು, ಬಸ್ಸು ತಪ್ತದೆ ನಿಂಗೆ” ಎಂದಷ್ಟೇ ಹೇಳಿದರು.

ಭಾನುವಾರ ಹುಬ್ಬಳ್ಳಿಯಿಂದ ಯಾರೂ ಬರಲಿಲ್ಲ. ಸೋಮವಾರ ನಾನು ಕಾರವಾರದ ಬಸ್ಸು ಹತ್ತಿದೆ. ಕೌಂಟರಿನ ಕಂಡಿಯಲ್ಲಿ ತಾಂಡೇಲ ಮಾಮ ನಂಬರು ಹೇಳಿ, ಬೀಡಿಗೆ ಬೆಂಕಿ ಹಚ್ಚಲು ಕಡ್ಡಿ ಗೀರುವಷ್ಟರಲ್ಲಿ ಚೀಟಿ ಬಂದಿತ್ತು. ಅವನು ಚೀಟಿಯನ್ನು ತಿರುಗಿಸಿ ನೋಡಿದ.

“ಇಷ್ಟ್ ಲಗೂನೆ ಬಂದ್ರೆ ಬೀಡಿ ಸೇದೂಕೂ ಪುರ್ಸೊತ್ತಿಲ್ಲ” ಎಂದು ಬೈದುಕೊಂಡು ಹೋದ. ಸಾವುಕಾರರ ಮಾತು ಎತ್ತಲಿಲ್ಲ, ಅದನ್ನು ಹಿಂದಕ್ಕೂ ತೆಗೆದುಕೊಳ್ಳಲಿಲ್ಲ.

ಕಾರ್ಯದರ್ಶಿ ಆಮೇಲೆ ನನ್ನೊಂದಿಗೆ ನೇರವಾಗಿ ಮಾತಾಡಿದ್ದು ಕಡಿಮೆ. ಹೇಳಬೇಕಾದ್ದನ್ನು ಮಾಲಕರಿಗೆ ಹೇಳುತ್ತಿದ್ದರು, ಇಲ್ಲವೇ ಗಾಳಿಗೆ. ಆ ವಾರವೇ ಅವರು ಅಂಕೋಲೆಗೆ ಹೋಗಿದ್ದರಂತೆ. ಅವರು ಅಲ್ಲಿಂದ ಹೊರಟ ಕೂಡಲೆ ಅಕ್ಕ ನನಗೆ ಫೋನು ಮಾಡಿದಳು.

“ತಂಗೀ, ನಿನ್ನ ಸುದ್ದಿ ಆಯ್ತು ಇಲ್ಲಿ. ಆ ಹುಡ್ಗಿಗೆ ಸೊಕ್ಕು, ಒಂದ್ ತಪ್ಪಾಯ್ತು ಅನ್ನೂಕೆ ಬಾಯಿ ಬರೂದಿಲ್ಲ ಹೇಳಿ ಅಂದ್ರು. ನಾ ಎಂತ ಹೇಳೂದು, ಸುಮ್ನೆ ಕೂತೆ.”

“ಮತ್ತೆ ಕೇಳಿದ್ರೆ ಹೌದು ಅನ್ನು ಅಕ್ಕಾ.”

“ಹೌದು ಅಂಬೂದಾ?”

“ಹೌದು ಅನ್ನು. ಚೀಟಿ ಬರ್ತಾ ಅದೆಯಾ?”

“ಬರ್ತಾ ಅದೆ. ಹಳೇ ಬೋಟಿಗೂ ಬರ್ತಾ ಅದೆ.”

“ಆಯ್ತು, ಇಡ್ತೇನೆ” ಎಂದು ಫೋನು ಇಟ್ಟೆ. ಅವತ್ತು ಬ್ಯಾಕಪ್ ತೆಗೆಯುವ ದಿನ. ಸರ್ವರಿನ ಕೋಣೆಯ ಬೀಗ ತೆಗೆದು ಒಳಗೆ ಹೋಗಿ ಕುರ್ಚಿ ಎಳೆದುಕೊಂಡೆ.